ಇವರು ನಿಮಗೆ ಏನಾಗಬೇಕು?

ನನಗೆ ಎರಡು ಹೆಸರು. ಮೊದಲನೆಯದು ಅಪ್ಪ ತೊಟ್ಟಿಲಲ್ಲಿ ಇಟ್ಟದ್ದು. ಎರಡನೆಯದು ಗಂಡನ ಮನೆಯವರು ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿದ್ದು. ನಮ್ಮ ಕಡೆ ಇದೇನು ಹೊಸ ಸುದ್ದಿಯಲ್ಲ. ಸೊಸೆ ಹೊಸ್ತಿಲು ದಾಟುವಾಗ ಹಳೆಯ ಹೆಸರನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬರಬೇಕು. ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲ ಕಡೆಯೂ ನಾನು ಎರಡನೆಯ ಹೆಸರಿನವಳು. ಮೊದಲನೆಯ ಹೆಸರು ಉಳಿದಿರುವುದು ಎರಡೇ ಕಡೆ: ತವರಿನವರ ಬಾಯಲ್ಲಿ, ಮತ್ತೆ ತವರೂರಿನ ಮತದಾರರ ಪಟ್ಟಿಯಲ್ಲಿ. ಮದುವೆಗೆ ಮುಂಚೆ ಅಪ್ಪ ಸೇರಿಸಿದ್ದ ಹೆಸರು ಅದು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಶಹಾಬಾದಿನಲ್ಲಿ ಮನೆಯ ಹೊರಗೆ ಯಾರಿಗೂ ಅದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಕಾಯ್ದೆ ಪ್ರಕಾರ ಮದುವೆಯಾಗಿ ಹೋದವಳು ವೋಟನ್ನೂ ಹೊತ್ತುಕೊಂಡು ಹೋಗಬೇಕು. ನಮ್ಮ ಮನೆಯವರು ಆಗಾಗ “ಅರ್ಜಿ ಹಾಕು” ಅನ್ನುತ್ತಾರೆ, ನಾನು “ಹಾಕ್ತೀನಿ” ಅನ್ನುತ್ತೇನೆ, ಆಮೇಲೆ ಇಬ್ಬರೂ ಮರೆಯುತ್ತೇವೆ. ಅವರು ನಿಜವಾಗಿಯೂ ಮರೆಯುತ್ತಾರೆ. ನನ್ನ ಲೆಕ್ಕ ಬೇರೆ. ತವರಿಗೆ ಹೋಗುತ್ತೇನೆ ಅಂದರೆ ಯಾಕೆ, ಯಾವಾಗ ಬರುತ್ತಿ, ಅಲ್ಲಿತನಕ ಅಡುಗೆ ಯಾರು ಮಾಡಬೇಕು ಅಂತ ಪಂಚಾಯಿತಿ ಶುರುವಾಗುತ್ತದೆ. ವೋಟಿಗೆ ಹೋಗುತ್ತೇನೆ ಅಂದರೆ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಸರಕಾರವೇ ರಜೆ ಕೊಟ್ಟು ಕಳಿಸುವಾಗ ಅತ್ತೆಯಾದರೂ ಏನು ಮಾಡಿಯಾಳು? ನಮ್ಮ ಓಣಿಯಲ್ಲಿ ಹೀಗೆ ವೋಟನ್ನು ತವರಲ್ಲೇ ಇಟ್ಟುಕೊಂಡವಳು ನಾನೊಬ್ಬಳೇ ಅಲ್ಲ. ಸೇಡಂನವಳು ಒಬ್ಬಳಿದ್ದಾಳೆ, ಚಿಂಚೋಳಿ ಕಡೆಯವಳು ಇನ್ನೊಬ್ಬಳು. ಮತದಾನದ ಹಿಂದಿನ ದಿನ ನಾವು ಮೂವರೂ ತಲೆಗೆ ಎರೆದುಕೊಂಡು ಒಳ್ಳೆಯ ಸೀರೆ ತೆಗೆದಿಡುತ್ತೇವೆ. ನೋಡಿದವರು, ಇವರಿಗೆ ಪ್ರಜಾಪ್ರಭುತ್ವದ ಮೇಲೆ ಎಷ್ಟೊಂದು ಪ್ರೀತಿ ಅಂದುಕೊಳ್ಳಬೇಕು.

ಶಹಾಬಾದಿನಿಂದ ಭಂಕೂರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ನಮ್ಮ ಮನೆಯವರದು ಫರ್ಸಿ, ಅಂದರೆ ಹಾಸುಗಲ್ಲಿನ ವ್ಯಾಪಾರ. ಅರ್ಧ ದಿನ ವ್ಯಾಪಾರ, ಉಳಿದರ್ಧ ರಾಜಕೀಯ. ಅವರದು ಒಂದು ಪಕ್ಷ, ತವರಲ್ಲಿ ನನ್ನ ಅಣ್ಣನದು ಎದುರು ಪಕ್ಷ. ಯಾವ ಪಕ್ಷ ಅಂತ ಹೇಳಿದರೆ ನಾಳೆ ಅರ್ಧ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆ. ಚುನಾವಣೆ ಬಂತೆಂದರೆ ಎರಡೂ ಪಕ್ಷದ ಕೊರಳ ಶಾಲುಗಳು ಅಂಚು ಹೊಲಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತವೆ. ಮಷೀನು ಅದೇ, ಸೂಜಿ ಅದೇ, ದಾರ ಬದಲಿಸಿಕೊಂಡರೆ ಆಯಿತು. ಗಂಡಸರಿಗೆ ಇಷ್ಟು ಸಣ್ಣ ಕೆಲಸ ಬಂದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಆದದ್ದು ಇಷ್ಟು. ಕಳೆದದ್ದರ ಹಿಂದಿನ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಮನೆಯವರು ಪ್ರಚಾರಕ್ಕೆ ಅಂತ ಚಿತ್ತಾಪುರ ತಾಲೂಕಿಗೆ ಹೋದರು. ನನ್ನ ತವರೂರು ಅಲ್ಲೇ, ದಂಡೋತಿಯ ಆಚೆ, ಕಾಗಿಣಾ ದಂಡೆಯ ಮೇಲೆ. ಹೊತ್ತು ನೆತ್ತಿಗೆ ಬಂದಿತ್ತು, ಹೊಟ್ಟೆ ಹಸಿದಿತ್ತು. ಪಕ್ಷದ ಜೀಪನ್ನು ನೆಟ್ಟಗೆ ಅಣ್ಣನ ಬಾಗಿಲ ಮುಂದೆ ನಿಲ್ಲಿಸಿ, ಊಟಕ್ಕೆ ಬಂದೆ ಅಂದರು. ಜೀಪಿನ ಮೂತಿಯ ಮೇಲೆ ಆಳೆತ್ತರದ ಬಾವುಟ. ಎದುರಿನ ಕಟ್ಟೆಯ ಮೇಲೆ ಅಣ್ಣನ ಪಕ್ಷದವರೆಲ್ಲ ಕೂತಿದ್ದಾರೆ. ಅಣ್ಣ ಬಾಗಿಲಿಗೆ ಬಂದು, ಮರ್ಯಾದೆಯಿಂದಲೇ ಹೇಳಿದನಂತೆ.

“ಭಾವ, ಝಂಡಾ ಬಿಚ್ಚಿ ಒಳಗ ಬರ್ರಿ.”

“ಝಂಡಾ ಬಿಚ್ಚಂಗಿಲ್ಲ. ಮನಿ ಅಳಿಯ ಬೇಕಂದ್ರ ಝಂಡಾನೂ ಬೇಕು.”

“ಹಂಗಾರ ಝಂಡಾಕ್ಕ ಉಣ್ಣಿಸಿ ಕಳಸ್ತೀನಿ. ನೀವು ಅಲ್ಲೇ ನಿಂದರ್ರಿ.”

ಕಟ್ಟೆಯವರು ನಕ್ಕರು. ಇವರು ಕಾಲು ತೊಳೆಯಲು ತೆಗೆದುಕೊಂಡಿದ್ದ ತಂಬಿಗೆಯ ನೀರನ್ನು ಅಲ್ಲೇ ಚೆಲ್ಲಿ ಜೀಪು ಹತ್ತಿದರು. ಒಳಗೆ ರೊಟ್ಟಿ, ಝುಣಕ ಎಲ್ಲ ತಯಾರಿತ್ತು ಅಂತ ಅಣ್ಣನ ಹೆಂಡತಿ, ನಮ್ಮ ವೈನಿ, ಆಮೇಲೆ ಫೋನಿನಲ್ಲಿ ಹೇಳಿ ಅತ್ತಳು.

ಅಲ್ಲಿಗೆ ಮಾತು ನಿಂತಿತು. ಇವರು ಆ ಊರಿನ ಕಡೆ ತಲೆ ಹಾಕಲಿಲ್ಲ, ಅಣ್ಣ ಪಂಚಮಿಗೆ ನನ್ನನ್ನು ಕರೆಯಲು ಬರಲಿಲ್ಲ. ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ದೊಡ್ಡ ಮಾತು. ಓಣಿಯವರಿಗೆಲ್ಲ ಅಣ್ಣಂದಿರು ಬಂದರು. ನಾನು ಅಂಗಡಿ ಬಾಗಿಲಲ್ಲಿ ನಿಂತು, “ನಮ್ಮ ಅಣ್ಣಗ ತೊಗರಿ ರಾಶಿ ಕೆಲಸ ಭಾಳ ಅದ” ಅಂದೆ. “ಶ್ರಾವಣದಾಗ ಎಂಥ ತೊಗರಿ ರಾಶಿ?” ಅಂತ ಸೇಡಂನವಳು ನಕ್ಕುಬಿಟ್ಟಳು. ಆಗ ತೊಗರಿ ಮೊಣಕಾಲೆತ್ತರ ಬಂದರೆ ಹೆಚ್ಚು. ಸುಳ್ಳು ಹೇಳಬೇಕಾದರೂ ಪಂಚಾಂಗ ನೋಡಿ ಹೇಳಬೇಕು.

ಆ ವರ್ಷ, ಅದರ ಮುಂದಿನ ವರ್ಷ, ಹೀಗೆ ಪಂಚಮಿಗಳು ಹೋದವು. ಅಪ್ಪ ಅವ್ವ ಮೊದಲೇ ತೀರಿಹೋಗಿದ್ದರು. ವೈನಿ ನನ್ನನ್ನು ತಂಗಿ ಅನ್ನುತ್ತಾಳೆ. ಹಾಗಾಗಿ ನನ್ನ ಹಳೆಯ ಹೆಸರು ಹಿಡಿದು ಕರೆಯಲು ಉಳಿದಿದ್ದವನು ಅಣ್ಣನೊಬ್ಬನೇ, ಅವನೇ ಬಾಯಿ ಹೊಲಿದುಕೊಂಡು ಕೂತಿದ್ದ. ನನಗೆ ಭಾಳ ದುಃಖವಾಗಿತ್ತು. ಸಿಟ್ಟೂ ಇತ್ತು, ಇಲ್ಲ ಅನ್ನುವುದಿಲ್ಲ. ಗಂಡನಿಗೆ ಬಡಿಸುವಾಗ ಅಣ್ಣನ ಮೇಲೆ ಸಿಟ್ಟು, ಅಣ್ಣನ ನೆನಪಾದಾಗ ಗಂಡನ ಮೇಲೆ ಸಿಟ್ಟು.

ಮತ್ತೆ ವಿಧಾನಸಭೆ ಚುನಾವಣೆ ಬಂತು. ನಡುವೆ ಬಂದುಹೋದ ಬೇರೆ ಚುನಾವಣೆಗಳಿಗೆ ನಾನು ಹೋಗಿರಲಿಲ್ಲ. ಕರೆಯದ ಮನೆಗೆ ಯಾವ ಮುಖ ಹೊತ್ತು ಹೋಗಲಿ ಅಂತ ಬಿಗಿದುಕೊಂಡಿದ್ದೆ. ಈ ಸಲ ತಡೆಯಲಾಗಲಿಲ್ಲ. ಅಣ್ಣ ಕರೆಯದಿದ್ದರೇನು, ಸರಕಾರ ಕರೆದಿದೆಯಲ್ಲ ಅಂತ ಹೊರಟೆ. ನಮ್ಮ ಮನೆಯವರು ಬಾಗಿಲ ತನಕ ಬಂದು, “ಯಾವುದು ಒತ್ತಬೇಕು ಗೊತ್ತದಲ್ಲ?” ಅಂದರು. “ಎಲ್ಲ ಗೊತ್ತದ” ಅಂದೆ. ಅವರಿಗೆ ಸಮಾಧಾನವಾಯಿತು.

ವಾಡಿಯಲ್ಲಿ ಬಸ್ಸು ಬದಲಿಸಿ ಚಿತ್ತಾಪುರಕ್ಕೆ ಬಂದೆ. ಅಲ್ಲಿಂದ ಟಂಟಂ. ಆ ಮೂರು ಗಾಲಿಯ ಗಾಡಿಯಲ್ಲಿ ಕೂತವರೆಲ್ಲ ನನ್ನಂಥವರೇ, ವೋಟಿನ ಹೆಸರಲ್ಲಿ ತವರಿಗೆ ಹೊರಟ ಹೆಂಗಸರು. ಒಬ್ಬಳ ಮಡಿಲಲ್ಲಿ ಮಾವಿನಕಾಯಿ ಚೀಲ, ಇನ್ನೊಬ್ಬಳ ಕೈಯಲ್ಲಿ ತಮ್ಮನ ಕೂಸಿಗೆ ಅಂತ ಹೊಲಿದ ಕುಲಾಯಿ ಟೊಪ್ಪಿಗೆ. ಯಾರು ನಿಂತಿದ್ದಾರೆ, ಯಾರು ಗೆಲ್ಲುತ್ತಾರೆ ಅನ್ನುವ ಮಾತನ್ನು ಒಬ್ಬಳೂ ಎತ್ತಲಿಲ್ಲ. ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿಯಾಯಿತು, ಯಾರ ಮನೆಯಲ್ಲಿ ಇನ್ನೂ ಇಲ್ಲ ಅನ್ನುವುದೇ ಮಾತು. ಹೊರಗೆ ರಣರಣ ಬಿಸಿಲು, ಕಾಗಿಣಾ ಬತ್ತಿ ಅಲ್ಲಲ್ಲಿ ಮಡುಗಟ್ಟಿತ್ತು. ನನಗೆ ಖುಷಿಯಾಗುತ್ತಿತ್ತು, ಹಾಗೆಯೇ ಅಳುಕೂ ಇತ್ತು.

ವೈನಿ ನನ್ನನ್ನು ಬಾಗಿಲಲ್ಲೇ ತಬ್ಬಿಕೊಂಡಳು. ಅಣ್ಣ ಮನೆಯಲ್ಲಿರಲಿಲ್ಲ.

“ನಿಮ್ಮ ಅಣ್ಣ ಮುಂಜಾನೆನೇ ಹೋಗ್ಯಾರ. ಪಾರ್ಟಿ ಏಜೆಂಟ್ ಆಗಿ ಬೂತಿನ ಒಳಗ ಕುಂತಾರ.”

“ನಾ ಬರೋದು ಹೇಳಿದ್ದೇನು?”

“ಹೇಳೀನಿ. ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಗಡ್ಡ ಮಾತ್ರ ಬೋಳಿಸ್ಕೊಂಡು ಹೋಗ್ಯಾರ.”

ಇದನ್ನು ಹೇಗೆ ತಿಳಿದುಕೊಳ್ಳಬೇಕು ಅಂತ ನನಗೆ ತಿಳಿಯಲಿಲ್ಲ. ವೈನಿ ನನ್ನ ಕೈ ಹಿಡಿದುಕೊಂಡೇ ಶಾಲೆಗೆ ಕರೆದುಕೊಂಡು ಹೋದಳು. ಬೂತು ಅಲ್ಲೇ. ಸಾಲಿನಲ್ಲಿದ್ದ ಮುದುಕಿಯರು ಗಲ್ಲ ಹಿಡಿದು, ಗದ್ದ ಹಿಡಿದು ಮಾತಾಡಿಸಿದರು. ಅವರಿಗೆ ನಾನು ಅಪ್ಪನ ಮಗಳು ಅನ್ನುವಷ್ಟು ನೆನಪಿತ್ತು, ಹೆಸರು ಮರೆತಿತ್ತು. ನಾನೂ ನೆನಪು ಮಾಡಲು ಹೋಗಲಿಲ್ಲ.

ನನ್ನ ಪಾಳಿ ಬಂತು. ಒಳಗೆ ಮೇಜಿನ ಹಿಂದೆ ಚಿಂಚೋಳಿ ಕಡೆಯ ಒಬ್ಬ ಮಾಸ್ತರರು, ಅವರೇ ಆ ಬೂತಿನ ದೊಡ್ಡ ಅಧಿಕಾರಿ. ಪಕ್ಕದಲ್ಲಿ ಪಟ್ಟಿ ಹಿಡಿದ ಗುಮಾಸ್ತ. ಗೋಡೆಗೆ ಹೊಂದಿದ ಬೆಂಚಿನ ಮೇಲೆ ಎರಡೂ ಪಕ್ಷದ ಏಜೆಂಟರು, ಬಂದವರು ಖರೇ ಮತದಾರರು ಹೌದೋ ಅಲ್ಲವೋ ಅಂತ ನೋಡಲು ಕೂತವರು. ನಮ್ಮ ಮನೆಯವರ ಪಕ್ಷದ ಏಜೆಂಟ ದಪ್ಪ ಮೀಸೆಯ ಮನುಷ್ಯ, ಪಕ್ಕದ ಊರಿನವನು, ನನಗೆ ಗೊತ್ತಿಲ್ಲದವನು. ಅವನ ತೊಡೆಗೆ ತೊಡೆ ತಾಗಿಸಿಕೊಂಡು ನನ್ನ ಅಣ್ಣ. ತಲೆ ಎತ್ತಿ ನನ್ನನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ. ಕಿವಿಯ ಹತ್ತಿರ ಕೂದಲು ಪೂರಾ ಬೆಳ್ಳಗಾಗಿತ್ತು. ವೈನಿ ಫೋನಿನಲ್ಲಿ ಇದನ್ನು ಹೇಳಿರಲಿಲ್ಲ.

ಗುಮಾಸ್ತ ಕಾರ್ಡು ಕೇಳಿದ. ಅವಸರದಲ್ಲಿ ನಾನು ವೋಟಿನ ಕಾರ್ಡನ್ನು ಹೊಲಿಗೆ ಮಷೀನಿನ ಖಾನೆಯಲ್ಲೇ ಬಿಟ್ಟು ಆಧಾರ್ ಹಾಕಿಕೊಂಡು ಬಂದಿದ್ದೆ. ಅದನ್ನೇ ಕೊಟ್ಟೆ. ಗುಮಾಸ್ತ ಅದನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದ.

“ಇದರಾಗ ಒಂದು ಹೆಸರು, ಅದರಾಗ ಒಂದು ಹೆಸರು. ಇದರಾಗ ಗಂಡನ ಹೆಸರು, ಅದರಾಗ ತಂದಿ ಹೆಸರು. ನೀವು ಯಾರ್ರಿ?”

“ಎರಡೂ ನಾನೇ ರೀ” ಅಂದೆ.

ಪಟ್ಟಿಯಲ್ಲಿದ್ದ ಫೋಟೋ ಎರಡು ಜಡೆಯ ಹುಡುಗಿಯದು. ಅದನ್ನು ನೋಡಿದರೆ ನನಗೇ ಅನುಮಾನ ಬರುವ ಹಾಗಿತ್ತು. ಅಷ್ಟರಲ್ಲಿ ಮೀಸೆಯವನು ಎದ್ದು ನಿಂತ.

“ಖೊಟ್ಟಿ ವೋಟ್ರೀ ಇದು! ಇವರ ಹೆಂಡ್ತಿ ಕೈ ಹಿಡದು ಕರ್ಕೊಂಡು ಬಂದದ್ದು ಕಿಟಕ್ಯಾಗ ನೋಡೀನಿ. ಎಲ್ಲಿಂದೋ ತಂದು ನಿಂದ್ರಿಸ್ಯಾರ. ನಂದು ತಕರಾರು ಅದ.”

ಇವನು ನನ್ನ ಗಂಡನ ಪಕ್ಷದವನು! ನಮ್ಮ ಮನೆಯವರು ಯಾವ ವೋಟಿಗಾಗಿ ಬಾಗಿಲ ತನಕ ಬಂದು ಬೋಧನೆ ಮಾಡಿ ಕಳಿಸಿದ್ದರೋ, ಅದನ್ನು ಅವರದೇ ಮನುಷ್ಯ ಎದೆ ಉಬ್ಬಿಸಿಕೊಂಡು ತಡೆಯುತ್ತಿದ್ದ. ಗಂಡನ ಹೆಸರು, ಅವರ ಪಕ್ಷದ ಹುದ್ದೆ ಎರಡು ಮಾತಲ್ಲಿ ಹೇಳಿದ್ದರೆ ಅವನು ಕೈ ಮುಗಿದು ಕೂಡುತ್ತಿದ್ದ. ನಾನು ಹೇಳಲಿಲ್ಲ. ಆ ಹೊತ್ತಿಗೆ ನನಗೆ ವೋಟು ಬೇಕಾಗಿರಲಿಲ್ಲ. ಅಣ್ಣ ಬಾಯಿ ಬಿಡುತ್ತಾನೋ ಇಲ್ಲವೋ, ಅದು ಗೊತ್ತಾಗಬೇಕಿತ್ತು. ಅವನು ಸುಮ್ಮನೆ ಕೂತಿದ್ದರೆ ಸಾಕು, ಎದುರು ಪಕ್ಷದ ಒಂದು ವೋಟು ಎದುರು ಪಕ್ಷದವರ ಕೈಯಿಂದಲೇ ಹೋಗುತ್ತಿತ್ತು. ಅವನ ಮೇಲೆ ಒಂದು ಮಾತೂ ಬರುತ್ತಿರಲಿಲ್ಲ. ನಾನು ಅವನನ್ನೇ ನೋಡುತ್ತ ನಿಂತೆ.

ಮಾಸ್ತರರು ನಿಯಮ ಹೇಳಿದರು. ತಕರಾರು ಮಾಡುವವರು ಎರಡು ರೂಪಾಯಿ ಠೇವಣಿ ಇಡಬೇಕು, ತಕರಾರು ಸುಳ್ಳಾದರೆ ಅದು ವಾಪಸ್ಸು ಬರುವುದಿಲ್ಲ. ಮೀಸೆಯವನು ಕಿಸೆಗಳನ್ನೆಲ್ಲ ತಡಕಾಡಿದ. ಈಗಿನ ಕಾಲದಲ್ಲಿ ಯಾರ ಹತ್ತಿರ ಚಿಲ್ಲರೆ ಇರುತ್ತದೆ?

“ಫೋನಿನಾಗ ಹಾಕ್ತೀನ್ರಿ ಸರ.”

“ಫೋನ್ ಒಳಗ ತಂದೀರೇನು?” ಅಂತ ಮಾಸ್ತರರು ಕಣ್ಣು ಬಿಟ್ಟರು. ಅವನು ಕಿಸೆಯ ಮೇಲೆ ಕೈ ಮುಚ್ಚಿಕೊಂಡ.

ಆಗ ಅಣ್ಣ ತನ್ನ ಅಂಗಿಯ ಕಿಸೆಯಿಂದ ಎರಡು ರೂಪಾಯಿಯ ನಾಣ್ಯ ತೆಗೆದು ಮೇಜಿನ ಮೇಲಿಟ್ಟ.

“ಇವರ ಪರವಾಗಿ ಇಟ್ಕೋರಿ.”

ತಂಗಿಯನ್ನು ಹೊರಗೆ ಹಾಕಲು ಕೈಯಿಂದ ರೊಕ್ಕ ಕೊಟ್ಟನಲ್ಲ, ಇಷ್ಟು ವಿಷ ಇತ್ತೇ ಇವನಲ್ಲಿ ಅಂದುಕೊಂಡೆ. ಬಾಗಿಲ ಕಡೆ ತಿರುಗಿದೆ. ಅಲ್ಲಿ ಮುದುಕಿಯರು ಗದ್ದಲ ಎಬ್ಬಿಸಿದ್ದರು.

“ನಮ್ಮೂರ ಮಗಳ್ರೀ ಆಕಿ! ನಾವೆಲ್ಲ ನೋಡೀವಿ.”

“ಅವರೆಲ್ಲ ಇವರ ಓಣ್ಯಾಗಿನವರೇ ಅದಾರ್ರಿ. ಅವರ ಮಾತು ನಡ್ಯಂಗಿಲ್ಲ” ಅಂದ ಮೀಸೆಯವನು.

ಮಾಸ್ತರರು ಬೆವರು ಒರೆಸಿಕೊಂಡು ಬೆಂಚಿನ ಕಡೆ ನೋಡಿದರು. “ಒಳಗ ಇದ್ದವರಾಗ ಯಾರಿಗಾರೆ ಇವರ ಗುರ್ತು ಅದೇನು?”

ಅಣ್ಣ ಎದ್ದು ನಿಂತ. “ನನಗದ್ರಿ.”

“ಇವರು ನಿಮಗ ಏನಾಗಬೇಕು?”

ನಮ್ಮ ಮಾತಿನಲ್ಲಿ ಸಂಬಂಧ ಕೇಳುವ ರೀತಿಯೇ ಹೀಗೆ. ಏನಾಗಿದ್ದಾರೆ ಅಂತ ಯಾರೂ ಕೇಳುವುದಿಲ್ಲ, ಏನಾಗಬೇಕು ಅಂತ ಕೇಳುತ್ತೇವೆ. ಎಷ್ಟು ಸಲ ನಾನೇ ಗಿರಾಕಿಗಳನ್ನು ಹಾಗೆ ಕೇಳಿದ್ದೇನೋ, ಯಾವತ್ತೂ ಅದರ ಕಡೆ ಲಕ್ಷ್ಯ ಹೋಗಿರಲಿಲ್ಲ. ಅವತ್ತು ಹೋಯಿತು. ಏನಾಗಬೇಕು ಅಂತ ಹೇಳುವುದು ಪೂರಾ ಅವನ ಕೈಯಲ್ಲೇ ಇತ್ತು.

“ತಂಗಿ ಆಗ್ಬೇಕ್ರಿ” ಅಂದ ಅಣ್ಣ. “ನನ್ನ ಬೆನ್ನಿಗಿ ಬಿದ್ದ ತಂಗಿ.” ಆಮೇಲೆ ನನ್ನ ಹೆಸರು ಹೇಳಿದ. ಅಪ್ಪ ಇಟ್ಟ ಹೆಸರು, ಮುಂದೆ ಅಪ್ಪನ ಹೆಸರು, ಮನೆತನದ ಹೆಸರು, ಒಂದೂ ಬಿಡದೆ, ಶಾಲೆಯ ಹಾಜರಿ ಕೂಗಿದ ಹಾಗೆ.

ಮೀಸೆಯವನು ಬಿಡಲಿಲ್ಲ. “ತಮ್ಮ ವೋಟು ಉಳಿಸ್ಕೊಳ್ಲಾಕ ಹೇಳಾಕತ್ತಾರ್ರಿ!”

“ನಮ್ಮ ವೋಟು ಎಲ್ಲಿದೋ ಮಾರಾಯಾ!” ಅಣ್ಣನಿಗೆ ಸಿಟ್ಟು ಬಂತು. “ಈಕಿ ಗಂಡ ಶಹಾಬಾದದಾಗ ನಿಮ್ಮ ಝಂಡಾ ಹೊತ್ತು ತಿರಗ್ತಾರ. ಇದು ನಿಮಗ ಬೀಳೋ ವೋಟು. ಅದಕ್ಕೇ ಎರಡು ರೂಪಾಯಿ ಇಟ್ಟೀನಿ, ಎಲ್ಲ ಕಾಯ್ದೆ ಪ್ರಕಾರ ಆಗ್ಲಿ. ನಾಳೆ ನನ್ನ ತಂಗಿ ಖೊಟ್ಟಿ ಅಂತ ಊರಾಗ ಒಬ್ಬರೂ ಅನಬಾರ್ದು.”

“ಒಳಗ ಪಾರ್ಟಿ ಮಾತು ಬ್ಯಾಡ!” ಅಂತ ಮಾಸ್ತರರು ಮೇಜು ಗುದ್ದಿದರು. ಆದರೆ ಅವರಿಗೂ ನಗು ಬಂದಿತ್ತು, ಗುಮಾಸ್ತನಂತೂ ಪಟ್ಟಿಯಲ್ಲಿ ಮುಖ ಮುಚ್ಚಿಕೊಂಡಿದ್ದ. ಬಾಗಿಲಲ್ಲಿ ಮುದುಕಿಯರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮೀಸೆಯವನು ಕೂತ. ಆಧಾರಿನ ಫೋಟೋ, ಪಟ್ಟಿಯ ಫೋಟೋ, ನನ್ನ ಮುಖ, ಮೂರನ್ನೂ ಇನ್ನೊಮ್ಮೆ ಹೋಲಿಸಿ ನೋಡಿ, ಅಣ್ಣನ ರುಜು ತೆಗೆದುಕೊಂಡು ಮಾಸ್ತರರು ನನ್ನನ್ನು ಬಿಟ್ಟರು. ಎರಡು ರೂಪಾಯಿ ಸರಕಾರಕ್ಕೆ ಹೋಯಿತು.

ಬೆರಳಿಗೆ ಶಾಯಿ ಹಚ್ಚುವಾಗ ನನ್ನ ಕಣ್ಣಿಂದ ದಳದಳ ನೀರು. “ಉರೀತದೇನ್ರಿ ಅಕ್ಕಾರ?” ಅಂತ ಶಾಯಿ ಹಚ್ಚುವವನು ಗಾಬರಿಯಾದ. ಇಲ್ಲ ಅಂತ ತಲೆ ಅಲ್ಲಾಡಿಸಿದೆ. ರಟ್ಟಿನ ಮರೆಯ ಹಿಂದೆ ಹೋಗಿ ಯಾವುದನ್ನು ಒತ್ತಿದೆ ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ. ನಮ್ಮ ಮನೆಯವರು ತಮಗೇ ಬಿದ್ದದ್ದು ಅಂದುಕೊಂಡಿದ್ದಾರೆ. ಅಷ್ಟು ಮಾಡಿದ ಮೇಲೆ ತನಗೇ ಬಿದ್ದಿರಬೇಕು ಅಂತ ಅಣ್ಣನಿಗೆ ಒಳಗೊಳಗೆ ಆಸೆ. ಇಬ್ಬರೂ ಖುಷಿಯಾಗಿರಲಿ.

ಸಂಜೆ ವೋಟಿನ ಮಷೀನಿಗೆ ಸೀಲು ಹಾಕಿಸಿ ಅಣ್ಣ ಮನೆಗೆ ಬಂದ. ನಾನು ಕಾಲಿಗೆ ನೀರು ಕೊಟ್ಟೆ. “ಸೊರಗೀದಿ” ಅಂದ. “ನೀನೂ ಮುದುಕ ಆಗೀದಿ” ಅಂದೆ. ಇಷ್ಟೇ ಮಾತು, ಅದರಲ್ಲೇ ಎಲ್ಲ ಮುಗಿಯಿತು. ಅಷ್ಟರಲ್ಲಿ ನಮ್ಮ ಮನೆಯವರ ಫೋನು ಬಂತು. ಬೂತಿನ ಸುದ್ದಿ ಅವರಿಗೆ ಆಗಲೇ ಯಾರೋ ಮುಟ್ಟಿಸಿದ್ದರು. ತಮ್ಮ ಏಜೆಂಟನಿಗೆ ಬೈಯುವುದೋ, ನನ್ನ ಅಣ್ಣನಿಗೆ ಶಹಬ್ಬಾಸ್ ಅನ್ನುವುದೋ ತಿಳಿಯದೆ ಒದ್ದಾಡುತ್ತಿದ್ದರು. ನಾನು ಏನೂ ಹೇಳದೆ ಫೋನನ್ನು ಅಣ್ಣನ ಕೈಗೆ ಕೊಟ್ಟುಬಿಟ್ಟೆ.

“ಭಾವ, ನಿಮ್ಮ ಪಾರ್ಟಿ ವೋಟು ನಾ ಉಳಿಸೀನಿ. ನನ್ನ ಎರಡು ರೂಪಾಯಿ ಹೋಗ್ಯಾವ” ಅಂದ ಅಣ್ಣ. ಆ ಕಡೆಯಿಂದ ಏನು ಬಂತೋ, ಅಣ್ಣ ಗಹಗಹಿಸಿ ನಕ್ಕ. ವೈನಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಳು. ಚುನಾವಣೆಯಲ್ಲಿ ಗೆದ್ದವರು ಗೆದ್ದರು, ಸೋತವರು ಸೋತರು. ನಮ್ಮ ಎರಡು ಮನೆಗಳಲ್ಲಿ ಆ ಚರ್ಚೆ ಈಗಲೂ ಜೋರಾಗಿ ನಡೆಯುತ್ತದೆ, ಆದರೆ ಒಂದೇ ಪಂಕ್ತಿಯಲ್ಲಿ ಕೂತು ನಡೆಯುತ್ತದೆ.

ಆ ಶ್ರಾವಣದಲ್ಲಿ ಅಣ್ಣ ಬಂದು ನನ್ನನ್ನು ಕರೆದುಕೊಂಡು ಹೋದ. ಪಂಚಮಿಯ ಮುಂಚೆ ನಮ್ಮಲ್ಲಿ ರೊಟ್ಟಿ ಹಬ್ಬ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ರಾಶಿ ರಾಶಿ ಬಡಿದು ಓಣಿಗೆಲ್ಲ ಹಂಚುತ್ತೇವೆ. ನಾನು ಒಲೆಯ ಮುಂದೆ ಕೂತಿದ್ದೆ. ಹೊರಗೆ ಪಡಸಾಲೆಗೆ ಅಂಗನವಾಡಿಯ ಟೀಚರ್ ಬಾಯಿ ಬಂದಳು. ಊರಿಗೆ ಹೊಸಬಳು, ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುತ್ತಿದ್ದಳು. ಸತ್ತವರ, ಊರು ಬಿಟ್ಟವರ ಹೆಸರು ತೆಗೆಯುವ ಕೆಲಸ. ಅವಳು ಅಣ್ಣನಿಗೆ ನನ್ನ ಹಳೆಯ ಹೆಸರು ಓದಿ ಹೇಳಿ ಕೇಳಿದ್ದು ನನಗೆ ಒಳಗೆ ಕೇಳಿಸಿತು.

“ಇವರು ಮದುವಿ ಆಗಿ ಹೋಗ್ಯಾರಂತಲ್ರಿ? ತೆಗಿಲೇನು?”

ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು. ಕಾಯ್ದೆ ಅವಳ ಕಡೆಗಿತ್ತು. ಹೌದು ಅನ್ನುವುದೇ ಸರಿ, ಅದು ನನಗೂ ಗೊತ್ತು, ಅಣ್ಣನಿಗೂ ಗೊತ್ತು.

“ಎಲ್ಲಿ ಹೋಗ್ಯಾಳ?” ಅಂದ ಅಣ್ಣ. “ಒಳಗ ರೊಟ್ಟಿ ಬಡೀಲಿಕತ್ತಾಳ.”

“ಖರೇನ?”

ಅಣ್ಣ ಒಳಗಿನ ಕಡೆ ತಿರುಗಿ, ಇಡೀ ಓಣಿಗೆ ಕೇಳಿಸುವ ಹಾಗೆ ನನ್ನ ಹೆಸರು ಹಿಡಿದು ಕೂಗಿದ. ನಾನು ಕೂತಲ್ಲಿಂದಲೇ “ಓ” ಅಂದೆ.